ಉಣ್ಣಲಾರದ ಮಗಳು

ಒಂದು ಬೆಳಿಗ್ಗೆ ಶಿಷ್ಯ ನಂಜಯ್ಯ ಗುರುಗಳ ಮುಂದೆ ಕುಳಿತು ಕೇಳಿದ:

"ಗುರುಗಳೇ, ನನ್ನ ತಂಗಿ ಊಟ ಬಿಟ್ಟು ಸೊರಗಿಹೋಗಿದ್ದಾಳೆ. ಕೈಮುಗಿದು ಹೇಳಿದೆ, ಗದರಿಸಿ ಹೇಳಿದೆ, ಆಣೆ ಮಾಡಿಸಿದೆ. ಯಾವ ಮಾತೂ ನಾಟುವುದಿಲ್ಲ. ಇನ್ನು ಯಾವ ಮಾತು ಹೇಳಲಿ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಸುತ್ತಲಿನ ಹತ್ತೂರಿನ ಮದುವೆಗಳಿಗೆ ಅವನೇ ಬಂದು ಒಲೆ ಹೂಡಬೇಕು. ಸಾವಿರ ಎಲೆ ಬಿದ್ದರೂ ಒಬ್ಬನೂ ಅರೆಹೊಟ್ಟೆಯಲ್ಲಿ ಏಳಬಾರದು ಎಂಬುದು ಅವನ ಪಣ. ಪಂಕ್ತಿಯ ಉದ್ದಕ್ಕೂ ತಾನೇ ನಡೆದು, ಯಾರ ಎಲೆಯಲ್ಲಿ ಏನು ಉಳಿದಿದೆ ಎಂದು ನೋಡುತ್ತಿದ್ದ.

ಹೆಂಡತಿ ತೀರಿಕೊಂಡ ಮೇಲೆ ಅವನೇ ಸಾಕಿದ ಒಬ್ಬ ಮಗಳಿದ್ದಳು. ಹದಿನಾರರ ಹೊತ್ತಿಗೆ ಅವಳ ತುತ್ತು ಚಿಕ್ಕದಾಗುತ್ತ ಬಂತು. ಮೊದಲು ತುಪ್ಪ ಬಿಟ್ಟಳು, ಆಮೇಲೆ ಬೆಲ್ಲ ಬಿಟ್ಟಳು, ಕೊನೆಗೆ ಒಂದು ಹೊತ್ತಿನ ಊಟವನ್ನೇ ಬಿಟ್ಟಳು. ಹುಡುಗಿ ತೆಳ್ಳಗಾಗಿ ಲಕ್ಷಣವಾಗಿದ್ದಾಳೆ ಎಂದು ನೆರೆಯವರು ಹೊಗಳಿದರು. ವ್ರತ ಹಿಡಿದಿರಬೇಕು ಎಂದು ಕೆಲವರು ಕೈಮುಗಿದರು. ಬೇಸಿಗೆಯಲ್ಲೂ ಅವಳ ಪಾದ ತಣ್ಣಗಿರುತ್ತಿತ್ತು. ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಅಡುಗೆಯವ ಅದನ್ನು ಕಂಡು ಹೆದರಿದ. ಹೆದರಿ, ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಅಡುಗೆ ಮಾಡಿದ.

ಹೋಳಿಗೆ ಮಾಡಿದ. ಚಿಕ್ಕವಳಿದ್ದಾಗ ಅವಳು ಕಾಡಿ ಬೇಡಿ ಕುಡಿಯುತ್ತಿದ್ದ ಗಸಗಸೆ ಪಾಯಸ ಮಾಡಿದ. ಎದುರಿಗೆ ಕುಳಿತು ಅವಳ ಕೈಯನ್ನೇ ನೋಡಿದ. "ಇನ್ನೊಂದು ತುತ್ತು, ಇನ್ನೊಂದೇ ತುತ್ತು" ಎಂದ. ಅವನ ಕಣ್ಣು ತಪ್ಪಿದಾಗ ಅವಳು ಅನ್ನವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹಿತ್ತಿಲಿನ ಹಸುವಿಗೆ ಹಾಕುತ್ತಿದ್ದಳು. ಒಂದು ದಿನ ಅದು ಅವನಿಗೆ ಗೊತ್ತಾಯಿತು. "ಊರಿಗೆಲ್ಲ ಉಣಿಸುವವನಿಗೆ ಮನೆಯಲ್ಲಿ ಇಂಥ ಅವಮಾನವೇ?" ಎಂದು ತಟ್ಟೆಯನ್ನು ಗೋಡೆಗೆ ಎಸೆದ. ಹುಡುಗಿ ಅಳಲಿಲ್ಲ. ಚೆಲ್ಲಿದ ಅನ್ನವನ್ನು ಒಂದೊಂದೇ ಅಗುಳಾಗಿ ಆರಿಸಿದಳು. ಮಾರನೆಯ ದಿನ ಬಾವಿಕಟ್ಟೆಯಲ್ಲಿ ತಲೆ ಸುತ್ತಿ ಬಿದ್ದಳು.

ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪಟ್ಟಣದ ವೈದ್ಯೆಯ ಬಳಿಗೆ ಹೋದ. ವೈದ್ಯೆ ನಾಡಿ ನೋಡಿದಳು. ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದಳು. ಆಮೇಲೆ ಹೊರಗೆ ಬಂದಳು.

"ಇದು ಹಟವಲ್ಲಪ್ಪ, ಕಾಯಿಲೆ. ಯಾವ ಹೊತ್ತಿಗೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ನಾನು ಅವಳೊಂದಿಗೆ ಕೂತು ಗೊತ್ತುಮಾಡುತ್ತೇನೆ. ವಾರಕ್ಕೊಮ್ಮೆ ಕರೆದುಕೊಂಡು ಬಾ."

"ನನ್ನಿಂದಲೇ ಹೀಗಾಯಿತೇ, ತಾಯಿ?"

"ಯಾರಿಂದ ಎಂದು ಹುಡುಕುತ್ತ ಕೂತರೆ ಅವಳು ಒಂಟಿಯಾಗುತ್ತಾಳೆ. ಅವಳ ಪಕ್ಕದಲ್ಲಿ ಕೂತು ನೀನೂ ಉಣ್ಣು."

ಅಡುಗೆಯವನಿಗೆ ಅದು ಸುಲಭವಾಗಲಿಲ್ಲ. ಬಡಿಸಿ ಅಭ್ಯಾಸವಿತ್ತು, ಜೊತೆಗೆ ಕೂತು ಉಂಡು ಅಭ್ಯಾಸವಿರಲಿಲ್ಲ. ಆದರೂ ಎದುರಿಗೆ ಕೂರುವುದನ್ನು ಬಿಟ್ಟು ಮಗ್ಗುಲಿಗೆ ಕೂತ. ಅವಳ ಕೈಯನ್ನು ನೋಡಲಿಲ್ಲ. ಅವಳ ಮೈಯ ಮಾತು ಎತ್ತಲಿಲ್ಲ. ಮದುವೆ ಮನೆಯಲ್ಲಿ ಬೀಗರು ಮುನಿಸಿಕೊಂಡದ್ದನ್ನು, ಕೋತಿ ಹಪ್ಪಳದ ಬುಟ್ಟಿ ಎತ್ತಿಕೊಂಡು ಹೋದದ್ದನ್ನು ಹೇಳಿದ. ಕೆಲವು ದಿನ ಅವಳು ವೈದ್ಯೆ ಹೇಳಿದಷ್ಟು ಉಂಡಳು. ಕೆಲವು ದಿನ ಅರ್ಧಕ್ಕೇ ಕೈ ತೊಳೆದಳು. ಅಂಥ ದಿನಗಳಲ್ಲಿ ಅವನು ಗದರಿಸಲಿಲ್ಲ, ಎದ್ದೂ ಹೋಗಲಿಲ್ಲ. ವಾರದ ಕೊನೆಗೆ ಇಬ್ಬರೂ ಹೋಗಿ ಅದನ್ನು ವೈದ್ಯೆಗೆ ಮರೆಮಾಚದೆ ಹೇಳಿದರು.

ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ, ತುತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಹೇಳಿದಳು:

"ಅಪ್ಪ, ನನಗೆ ಹಸಿವೇ ಇಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಹಸಿವಾಗುತ್ತದೆ. ತುಂಬ ಹಸಿವಾಗುತ್ತದೆ. ಆದರೆ ತುತ್ತು ಎತ್ತಿದರೆ ಏನೋ ದೊಡ್ಡ ತಪ್ಪು ಮಾಡುತ್ತಿದ್ದೇನೆ ಎಂದು ಹೆದರಿಕೆಯಾಗುತ್ತದೆ."

ಅಡುಗೆಯವನ ಕೈ ನಿಂತಿತು. ಹೆದರಿದ ಮಗುವಿನ ಮುಂದೆ ತಾನು ಇಷ್ಟು ದಿನ ತಟ್ಟೆಯ ಮೇಲೆ ತಟ್ಟೆ ಇಡುತ್ತ ಬಂದೆ ಎಂದು ಅವನಿಗೆ ಆಗ ಹೊಳೆಯಿತು. ಧೈರ್ಯ ಹೇಳಬೇಕೆಂದು ಬಾಯಿ ತೆರೆದ, ಆದರೆ ಹೇಳಲಿಲ್ಲ.

"ಈಗಲೂ ಹೆದರಿಕೆಯಾಗುತ್ತಿದೆಯಾ?" ಎಂದು ಕೇಳಿದ.

"ಆಗುತ್ತಿದೆ."

"ನಾನು ಇಲ್ಲೇ ಇರುತ್ತೇನೆ."

ಅನ್ನ ಆರಿತು. ಬಹಳ ಹೊತ್ತಾದ ಮೇಲೆ ಅವಳು ಆ ತುತ್ತನ್ನು ಬಾಯಿಗಿಟ್ಟುಕೊಂಡಳು.

ಕಾಯಿಲೆ ಅಂದೇ ಹೋಗಲಿಲ್ಲ. ಎರಡು ವರ್ಷ ಹಿಡಿಯಿತು. ನಡುವೆ ಒಮ್ಮೆ ಮರುಕಳಿಸಿತು, ಮತ್ತೆ ಗಾಡಿ ಕಟ್ಟಿದರು. ಮೂರನೆಯ ವರ್ಷದ ಯುಗಾದಿಯ ಹೊತ್ತಿಗೆ ಅವಳು ಹೊಲಿಗೆ ಕಲಿತಿದ್ದಳು. ಗೆಳತಿಯರೊಡನೆ ಗುಡ್ಡ ಹತ್ತಿ ಬಂದರೂ ದಣಿಯುತ್ತಿರಲಿಲ್ಲ. ಹೆದರಿಕೆ ಬಂದ ದಿನ, ಬಂದಿದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ನಂಜಯ್ಯ ಕಣ್ಣೊರೆಸಿಕೊಂಡು ಕೇಳಿದ:

"ಹಾಗಾದರೆ ನಾನೂ ತಂಗಿಗೆ 'ಇಲ್ಲೇ ಇರುತ್ತೇನೆ' ಎಂಬ ಅದೇ ಮಾತು ಹೇಳಲೇ, ಗುರುಗಳೇ?"

"ನೀನು ಅವಳಿಗೆ ಹೇಳಿದ್ದೆಲ್ಲ ನನಗೆ ತಿಳಿಯಿತು, ನಂಜಯ್ಯ. ಅವಳು ನಿನಗೆ ಏನು ಹೇಳಿದಳು?"