ಕುರ್ಚಿ ಬಿಟ್ಟೆದ್ದರೆ ಬೆಳಕು

ಕಥೆ ಹೇಳಿ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ನಮ್ಮ ಸಂಶೋಧನಾಲಯದಲ್ಲಿ ಲೇಸರ್ ಒಂದೇ, ಅಂದರೆ ಬೆಳಕು ಹುಟ್ಟಿಸುವ ಯಂತ್ರ ಒಂದೇ. ಸೂಕ್ಷ್ಮದರ್ಶಕಗಳು ಎರಡು, ಅಕ್ಕಪಕ್ಕದ ಕೋಣೆಗಳಲ್ಲಿ. ನಡುವಿನ ಕನ್ನಡಿ ತಿರುಗಿದ ಕಡೆಗೆ ಬೆಳಕು ಹೋಗುತ್ತದೆ.

ಅವತ್ತು ಝೀನತ್ ಮೇಡಂ ಮೊಟ್ಟೆಯೊಳಗಿನ ಮೀನುಮರಿಯ ಹೃದಯದ ಮೊದಲ ಬಡಿತ ನೋಡಬೇಕಿತ್ತು. ತಪ್ಪಿದರೆ ಆ ಬಡಿತ ಮತ್ತೆ ಸಿಗದು. ಆದರೆ ಇನ್ನೊಂದು ಕೋಣೆಯ ಪ್ರೊಫೆಸರ್ ಶೇಷಗಿರಿ ಬಂದವರೇ ಗುಡುಗಿದರು: "ನಾನು ನನ್ನ ಕುರ್ಚಿಯಲ್ಲಿ ಕೂತಿರೋವರೆಗೂ ಬೆಳಕು ನನಗೇ!"

"ಆಗಲಿ ಸಾರ್, ನೀವು ಹೇಳಿದ ಹಾಗೇ," ಎಂದರು ಯಂತ್ರ ನೋಡಿಕೊಳ್ಳುವ ದಾಕ್ಷಾಯಣಕ್ಕ. ಪ್ರೊಫೆಸರ್ ಸ್ಯಾಂಪಲ್ ತರಲು ಹೋದಾಗ ಅಕ್ಕ ಅವರ ಕುರ್ಚಿಯ ದಿಂಬಿನಡಿ ಸ್ವಿಚ್ ಇಟ್ಟು, ಅದರ ವೈರನ್ನು ಕನ್ನಡಿಯ ಮೋಟಾರಿಗೆ ಜೋಡಿಸಿದರು. ಕೂತರೆ ಬೆಳಕು ಪ್ರೊಫೆಸರಿಗೆ, ಎದ್ದರೆ ಮೇಡಂಗೆ.

ಪ್ರೊಫೆಸರ್ ಅಲುಗಾಡದೆ ಕೂತರು. ಆದರೆ ಆ ಕೋಣೆಯೊಳಗೆ ಟೀ ತರುವಂತಿಲ್ಲ, ಚೆಲ್ಲಿದರೆ ಯಂತ್ರದ ಗತಿ? ಹೊರಗೆ ಲೋಟಗಳ ಸದ್ದಾಯಿತು. ಎದ್ದೇಬಿಟ್ಟರು. ಕನ್ನಡಿ ಟಕ್ಕೆಂದು ತಿರುಗಿತು.

ಪಕ್ಕದ ಕೋಣೆಯ ಪರದೆಯಲ್ಲಿ ಹಸಿರು ಚುಕ್ಕಿಯೊಂದು ಮಿಡಿಯಿತು. ಜೀವ! ನಾವೆಲ್ಲ ಉಸಿರಾಡುವುದನ್ನೇ ಮರೆತೆವು. ಟೀ ಹಿಡಿದು ಬಾಗಿಲಾಚೆಯಿಂದಲೇ ಪರದೆ ನೋಡುತ್ತಿದ್ದ ಪ್ರೊಫೆಸರಿಗೆ ಕುರ್ಚಿಯ ಗುಟ್ಟು ಹೊಳೆದಿರಬೇಕು, ಪಿಸುಗುಟ್ಟಿದರು: "ದಾಕ್ಷಾಯಣಿ, ನನ್ನ ಕುರ್ಚಿಯಲ್ಲಿ ಯಾರೂ ಕೂರದ ಹಾಗೆ ನೋಡ್ಕೊಳ್ಳಮ್ಮ."

ಅದು ಹಸಿರು ಯಾಕೆಂದರೆ, ಮೀನಿನ ಆ ಜೀವಕೋಶಗಳಲ್ಲಿ... ಬಂದೆ ಸಾರ್! ಶೇಷಗಿರಿ ಸಾರ್ ಕರೆಯುತ್ತಿದ್ದಾರೆ. ಇವತ್ತು ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಟೀಗೆ ಹೋಗುತ್ತಾರಂತೆ.