ಬೂದೆಪ್ಪನ ಎರಡು ಬಾಗಿಲ ಪುಸ್ತಕದಂಗಡಿ

ಹತ್ತಿರ ಬಂದು ಕೂತುಕೊಳ್ಳಿ. ದೀಪಕ್ಕೆ ಈಗಷ್ಟೇ ಎಣ್ಣೆ ಹಾಕಿದ್ದೇನೆ. ಅದು ಆರುವುದರೊಳಗೆ ಕಥೆ ಮುಗಿಸುತ್ತೇನೆ.

ಒಂದು ರಾಜ್ಯ. ಆ ರಾಜ್ಯದ ಪೇಟೆಯಲ್ಲಿ ಹಳೆಯ ಪುಸ್ತಕಗಳ ಒಂದು ಅಂಗಡಿ. ಒಳಗೆ ಹೊಕ್ಕವರು ದಾರಿ ತಪ್ಪಿ, ಕೂಗು ಹಾಕಿ ಹೊರಗೆ ಬರಬೇಕು, ಅಷ್ಟು ದೊಡ್ಡದು. ನೆಲದಿಂದ ಜಂತೆಯವರೆಗೆ ಪುಸ್ತಕವೋ ಪುಸ್ತಕ. ಯಜಮಾನನ ಹೆಸರು ಬೂದೆಪ್ಪ. ಅವನು ಹುಟ್ಟಿದಂದಿನಿಂದ ಒಂದು ಪುಸ್ತಕವನ್ನೂ ಓದಿದವನಲ್ಲ. ಓದಿದರೆ ಮಾರುವುದಕ್ಕೆ ಮನಸ್ಸು ಬರುವುದಿಲ್ಲ ಎನ್ನುತ್ತಿದ್ದ.

ಅಂಗಡಿಗೆ ಎರಡು ಬಾಗಿಲು. ಜನ ಹಳೆಯ ಪುಸ್ತಕ ತಂದು ಕೊಡುವುದು ಹಿಂದಿನ ಬಾಗಿಲಲ್ಲಿ, ಕೊಳ್ಳುವುದು ಮುಂದಿನ ಬಾಗಿಲಲ್ಲಿ. ಹಿಂದಿನ ಬಾಗಿಲಿಗೆ ಬೂದೆಪ್ಪ ತಲೆಗೆ ಹರಕು ವಸ್ತ್ರ ಸುತ್ತಿಕೊಂಡು, ಸಾವಿನ ಮನೆಯ ಮುಖ ಹೊತ್ತು ಬರುತ್ತಿದ್ದ. ಮುಂದಿನ ಬಾಗಿಲಿಗೆ ಬಂದರೆ ಜರಿ ರುಮಾಲು, ಮದುವೆ ಮನೆಯ ಮುಖ. ನಡುವೆ ಗೋಡೆಗೆ ಒಂದು ಗೂಟ. ಅದನ್ನು ದಾಟುವಾಗೆಲ್ಲ ತಲೆಯ ಮೇಲಿನದನ್ನು ಗೂಟಕ್ಕೆ ಹಾಕುವನು, ಗೂಟದ ಮೇಲಿನದನ್ನು ತಲೆಗೆ ಇಡುವನು. ಬಹಳ ವರ್ಷದ ರೂಢಿ ನೋಡಿ, ಕೈ ತಾನಾಗಿಯೇ ಬದಲಿಸುತ್ತಿತ್ತು. ತಲೆಯ ಮೇಲೆ ಏನಿದೆಯೋ ಬಾಯಿ ಅದರಂತೆ ಮಾತಾಡುತ್ತಿತ್ತು.

ಇನ್ನೊಂದು ಹೇಳಬೇಕು. ಆ ಪೇಟೆಗೆ ಒಂದು ಕಟ್ಟುಪಾಡಿತ್ತು. ಅಂಗಡಿಯ ಪ್ರತಿ ಬಾಗಿಲಲ್ಲೂ ಬೆಳಿಗ್ಗೆ ದೀಪ ಹಚ್ಚಬೇಕು. ದೀಪದ ಮುಂದೆ ಆಡಿದ ಬೆಲೆಯನ್ನು, ಆ ದೀಪ ಆರುವವರೆಗೆ, ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಒಂದು ದಿನ ಮಲಿಯಪ್ಪನೆಂಬ ಒಕ್ಕಲಿಗ ಮನೆಗೆ ಸುಣ್ಣ ಹೊಡೆಸುತ್ತಿದ್ದ. ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ. ಮಕ್ಕಳ ಹಳೆಯ ಪಾಠದ ಪುಸ್ತಕಗಳೆಂದುಕೊಂಡ. ತೆರೆದು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಹೊತ್ತುಕೊಂಡು ನೇರ ಹಿಂದಿನ ಬಾಗಿಲಿಗೆ ಹೋದ.

ಬೂದೆಪ್ಪ ಹರಕು ವಸ್ತ್ರ ಸುತ್ತಿಕೊಂಡು ಬಂದ. ಪೆಟ್ಟಿಗೆ ತೆರೆದು ಮೇಲಿದ್ದ ದೊಡ್ಡ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿದ. ಮಲಿಯಪ್ಪನ ಗಮನವೆಲ್ಲ ಮನೆಯ ಸುಣ್ಣದ ಕೆಲಸದ ಮೇಲೇ ಇತ್ತು.

"ಹುಳ ತಿಂದಿದೆಯಪ್ಪಾ."

"ತಿಂದಿರಬಹುದು."

"ಮುಗ್ಗಲು ವಾಸನೆ ಬೇರೆ."

"ಅಟ್ಟದಲ್ಲಿತ್ತು, ಅದಕ್ಕೆ."

"ರಟ್ಟು ಕಿತ್ತಿದೆ. ಮೆಣಸಿನಕಾಯಿ ಕಟ್ಟೋದಕ್ಕೂ ಆಗಲ್ಲ. ನೀನು ನಮ್ಮವನು ಅಂತ ಒಂದು ಅಚ್ಚು ಬೆಲ್ಲ ಕೊಡ್ತೀನಿ. ಯಾರಿಗೂ ಹೇಳಬೇಡ, ನಾಳೆ ಎಲ್ಲರೂ ಬಂದಾರು."

ಮಲಿಯಪ್ಪ ಬೆಲ್ಲ ಹಿಡಿದು ಸಂತೋಷವಾಗಿ ಮನೆಗೆ ಬಂದ. ಹೆಂಡತಿ ಹಂಪವ್ವ ಪೆಟ್ಟಿಗೆ ಎಲ್ಲಿ ಎಂದು ಕೇಳಿದಳು. ಉತ್ತರ ಕೇಳಿ, "ಅಯ್ಯೋ, ಅದು ಮಾವನ ಪುರಾಣ," ಎಂದಳು.

ಆ ಪೆಟ್ಟಿಗೆಯಲ್ಲಿದ್ದದ್ದು ಮನೆತನದ ಪುರಾಣದ ಪುಸ್ತಕ. ಶ್ರಾವಣದ ಮೊದಲ ಸೋಮವಾರ ಊರವರೆಲ್ಲ ಸೇರುತ್ತಿದ್ದರು. ಮಲಿಯಪ್ಪನ ತಂದೆ ರುದ್ರಯ್ಯಜ್ಜ ಅದನ್ನು ಪೀಠದ ಮೇಲಿಟ್ಟು, ಕೈಮುಗಿದು ಓದಲು ತೊಡಗುತ್ತಿದ್ದ. ಅಜ್ಜನ ಕಣ್ಣು ಈಗ ಮಂಜು. ಆದರೂ ಹಾಳೆಯ ಮೇಲೆ ಬೆರಳಿಟ್ಟರೆ ಸಾಕು, ಬಾಯಿಂದ ಪುರಾಣ ಹರಿಯುತ್ತಿತ್ತು. ಓದು ಶುರುವಾಗದೆ ಶ್ರಾವಣದಲ್ಲಿ ಅವನು ಅನ್ನ ಮುಟ್ಟುತ್ತಿರಲಿಲ್ಲ. ಶ್ರಾವಣ ಆಗಲೇ ಹುಟ್ಟಿತ್ತು. ಅಜ್ಜ ನೀರು, ತುಳಸಿಯಲ್ಲೇ ಇದ್ದ.

"ಸೋಮವಾರ ಬಂತೇನವ್ವಾ?" ಎಂದು ಅಜ್ಜ ಒಳಗಿನಿಂದ ಕೇಳಿದ.

"ಬರ್ತಿದೆ ಮಾವಾ," ಎಂದಳು ಹಂಪವ್ವ. ಮರುದಿನ ಬೆಳಿಗ್ಗೆ ಎದ್ದವಳೇ ಅಂಗಡಿಗೆ ನಡೆದಳು.

ಮುಂದಿನ ಬಾಗಿಲಲ್ಲಿ ಒಬ್ಬ ಸಾಹುಕಾರ ನಿಂತಿದ್ದ. "ಕೆಂಪು ರಟ್ಟಿನವು ಒಂದು ಗೋಡೆ ತುಂಬುವಷ್ಟು ಕೊಡು. ಹೊಸ ದಿಂಬುಗಳೆಲ್ಲ ಕೆಂಪು ಬಣ್ಣದವು," ಎನ್ನುತ್ತಿದ್ದ. ಬೂದೆಪ್ಪ ಅವನನ್ನು ಮಹಾಪಂಡಿತರೇ ಎಂದು ಕರೆದು ಕಳಿಸಿಕೊಟ್ಟ.

ಪುರಾಣದ ಪುಸ್ತಕ ರೇಷ್ಮೆ ವಸ್ತ್ರದಲ್ಲಿ ಮಣೆಯ ಮೇಲೆ ಕೂತಿತ್ತು. ಹಂಪವ್ವ ಬೆಲ್ಲದ ಅಚ್ಚನ್ನು ಮುಂದಿಟ್ಟಳು.

"ಇದನ್ನು ತಗೊಂಡು ನಮ್ಮ ಪುಸ್ತಕ ಕೊಡಣ್ಣ."

"ಬೆಲ್ಲಕ್ಕಾ? ತಂಗೀ, ಇದಕ್ಕೆ ಹಾಲು ಕರೆಯುವ ಹಸು ಕೊಡಬೇಕು."

"ನಿನ್ನೆ ಹುಳ ತಿಂದಿದೆ ಅಂದಿದ್ದೆ."

"ಹುಳಕ್ಕೂ ರುಚಿ ಗೊತ್ತವ್ವಾ. ಸಪ್ಪೆ ಪುಸ್ತಕ ಅದು ತಿನ್ನಲ್ಲ."

"ಮುಗ್ಗಲು ವಾಸನೆ ಅಂದಿದ್ದೆ."

"ಅದು ಹಳೆಯ ಕಾಲದ ಪರಿಮಳ."

"ರಟ್ಟು ಕಿತ್ತಿದೆ ಅಂದಿದ್ದೆ."

"ಎಷ್ಟು ಪುಣ್ಯವಂತರ ಕೈ ಸವೆಸಿದೆಯೋ, ನೋಡಿದರೆ ಕೈಮುಗೀಬೇಕು ಅನಿಸುತ್ತೆ."

ಮನೆಯಲ್ಲಿದ್ದದ್ದು ಒಂದೇ ಹಸು. ಮಕ್ಕಳ ಹಾಲು ಅದರದ್ದೇ. ಹಂಪವ್ವ ಬೆಲ್ಲ ಎತ್ತಿಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕರೆದರು. ಬೂದೆಪ್ಪ ಓಡಿದ. ಗೂಟದ ಹತ್ತಿರ ಅವನ ಕೈ ರುಮಾಲು ತೆಗೆದು ವಸ್ತ್ರ ಇಟ್ಟದ್ದನ್ನು ಅವಳು ನೋಡಿದಳು. "ಅಯ್ಯೋ, ಇದನ್ನ ಹುಳ ತಿಂದಿದೆಯಪ್ಪಾ," ಎಂಬ ಅಳುದನಿ ಬಂತು. ಹಂಪವ್ವ ಸ್ವಲ್ಪ ಹೊತ್ತು ಆ ಗೂಟವನ್ನೇ ನೋಡಿದಳು. ಆಮೇಲೆ ಬೀದಿಯ ಹೆಂಗಸರನ್ನು ಹುಡುಕಿಕೊಂಡು ಹೋದಳು.

ಭಾನುವಾರ ರಾಜರ ಸವಾರಿ ಅಂಗಡಿಗೆ ಬರುವುದೆಂದು ಮೊದಲೇ ಡಂಗುರ ಹೊಡೆಸಿದ್ದರು. ಅರಮನೆಯಲ್ಲಿ ಹೊಸ ಕಪಾಟು ಮಾಡಿಸಿದ್ದರಂತೆ. ಕಪಾಟು ಬಂದ ಮೇಲೆ ಪುಸ್ತಕವೂ ಬೇಕಲ್ಲ.

ರಾಜ ಮುಂದಿನ ಬಾಗಿಲಲ್ಲಿ ಕೂತ. ಹಂಪವ್ವ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬದಿಗೆ ನಿಂತಳು. ಬೂದೆಪ್ಪ ರುಮಾಲು ಇಟ್ಟುಕೊಂಡು ಒಂದೊಂದೇ ಪುಸ್ತಕ ತೆಗೆದು ಹೊಗಳಲು ತೊಡಗಿದ.

ಹಿಂದಿನಿಂದ ಒಂದು ದನಿ: "ಬೂದೆಪ್ಪಣ್ಣಾ, ಪುಸ್ತಕ ತಂದೀನಿ." ಬೂದೆಪ್ಪ ಓಡಿದ, ಬದಲಿಸಿದ, ಹಳಿದ. ಬಂದ, ಬದಲಿಸಿದ, ಹೊಗಳಿದ.

ಇನ್ನೊಂದು ದನಿ: "ಅಣ್ಣಾ, ನಾನೂ ತಂದೀನಿ." ಓಡಿದ, ಬದಲಿಸಿದ, ಹಳಿದ. ತಿರುಗಿ ಹೊರಟ. ಗೂಟದ ಹತ್ತಿರ ರುಮಾಲು ತಲೆಗೇರಿತು. ಅಷ್ಟರಲ್ಲಿ ದೇವಕ್ಕನೆಂಬವಳು ಹಿಂದಿನಿಂದ ಕೂಗಿದಳು: "ನನ್ನದು ನೋಡದೆ ಹೋದೆಯಲ್ಲ, ಬೇರೆ ಅಂಗಡಿಗೆ ಕೊಡ್ತೀನಿ ಬಿಡು."

ಬೇರೆ ಅಂಗಡಿ ಎಂಬ ಮಾತು ಅವನಿಗೆ ಚೇಳು ಕಡಿದ ಹಾಗೆ. ನಿಂತಲ್ಲೇ ತಿರುಗಿ ಓಡಿದ. ತಲೆಯ ಮೇಲೆ ರುಮಾಲು ಹಾಗೇ ಇತ್ತು. ದೇವಕ್ಕ ಚಾಚಿದ್ದು ಹೋದ ವರ್ಷದ ಪಂಚಾಂಗ. ಬೂದೆಪ್ಪನ ಮುಖ ಅರಳಿತು.

"ಆಹಾ, ಎಂಥ ಪುಸ್ತಕ. ಎಂಥ ಪರಿಮಳ. ಕರೆಯುವ ಹಸು ಕೊಟ್ಟರೂ ಕಡಿಮೆಯೇ."

"ಕೊಟ್ಟೆ. ನೀನಾಡಿದ್ದು ದೀಪಕ್ಕೂ ಕೇಳಿಸಿದೆ," ಎಂದಳು ದೇವಕ್ಕ. ಉಳಿದವರೂ ಕೇಳಿದ್ದರು.

ಮುಂದಿನಿಂದ ರಾಜ ಕರೆದ. ಬೂದೆಪ್ಪ ಕಂಗಾಲಾಗಿ ಓಡಿದ. ಗೂಟ ಬಂತು. ಕೈ ಬಿಟ್ಟೀತೇ? ರುಮಾಲು ಗೂಟಕ್ಕೆ, ಹರಕು ವಸ್ತ್ರ ತಲೆಗೆ.

"ಆ ರೇಷ್ಮೆ ಸುತ್ತಿದ್ದು ಏನಯ್ಯಾ?" ಎಂದ ರಾಜ.

ಬೂದೆಪ್ಪ ಸಾವಿನ ಮನೆಯ ಮುಖ ಮಾಡಿದ. "ಹುಳ ತಿಂದಿದೆಯಪ್ಪಾ. ಮುಗ್ಗಲು ವಾಸನೆ. ಮೆಣಸಿನಕಾಯಿ ಕಟ್ಟೋದಕ್ಕೂ ಆಗಲ್ಲ. ಒಂದು ಅಚ್ಚು ಬೆಲ್ಲಕ್ಕಿಂತ ಹೆಚ್ಚು ಬಾಳಲ್ಲ."

ಹಂಪವ್ವ ಮುಂದೆ ಬಂದಳು. "ದೊರೆಗಳಿಗೆ ಬೇಕೋ?"

"ವಾಸನೆಯದು ನನ್ನ ಕಪಾಟಿಗೆ ಬೇಡ ತಾಯಿ."

ಹಂಪವ್ವ ಸೆರಗು ಬಿಚ್ಚಿ ಬೆಲ್ಲವನ್ನು ದೀಪದ ಮುಂದೆ ಇಟ್ಟಳು. ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಳು.

ಬೂದೆಪ್ಪ ತಲೆ ಮುಟ್ಟಿ ನೋಡಿಕೊಂಡ. "ಪ್ರಭೂ, ಇದು ಇಲ್ಲಿ ಆಡೋ ಮಾತಲ್ಲ. ಆ ಬಾಗಿಲಲ್ಲಿ ಆಡೋದು."

"ಹಾಗಾದರೆ ಇಲ್ಲಿ ಆಡೋದು ಯಾವುದು?"

"ಅದನ್ನ ಆ ಬಾಗಿಲಲ್ಲಿ ಆಡಿಬಿಟ್ಟೆ," ಎಂದು ಬೂದೆಪ್ಪ ಅತ್ತುಬಿಟ್ಟ. ದೇವಕ್ಕ ಹೆಂಗಸರೊಂದಿಗೆ ಒಳಗಿನಿಂದಲೇ ಬಂದು, ಹಸು ಯಾವಾಗ ಕೊಡ್ತೀಯಣ್ಣಾ ಎಂದು ಕೇಳಿದಳು.

ರಾಜನಿಗೆ ಎಲ್ಲ ತಿಳಿಯಿತು. ಅಷ್ಟು ಹೊತ್ತು ಬೂದೆಪ್ಪನ ಹೊಗಳಿಕೆ ಕೇಳಿ ಎತ್ತಿಟ್ಟುಕೊಂಡಿದ್ದ ಪುಸ್ತಕಗಳನ್ನು ನೋಡಿ ಅವನಿಗೂ ಸ್ವಲ್ಪ ನಾಚಿಕೆಯಾಯಿತು. "ಈ ಅಂಗಡಿಗೆ ಇನ್ನು ಒಂದೇ ಬಾಗಿಲು, ಒಂದೇ ದೀಪ. ಆ ಗೂಟ ಕಿತ್ತುಹಾಕಿ," ಎಂದ. ಬೂದೆಪ್ಪನ ಹಿತ್ತಲಿನ ಹಸು ಆ ಸಂಜೆಯೇ ದೇವಕ್ಕನ ಮನೆಗೆ ಹೋಯಿತು. ಪಂಚಾಂಗ ಬೂದೆಪ್ಪನಲ್ಲಿ ಉಳಿಯಿತು. ಅದನ್ನು ಕೊಳ್ಳುವವರು ಇನ್ನೂ ಬಂದಿಲ್ಲ.

ಸೋಮವಾರ ರುದ್ರಯ್ಯಜ್ಜ ಹಾಳೆಯ ಮೇಲೆ ಬೆರಳಿಟ್ಟ. ಹುಳ ತಿಂದ ತೂತುಗಳ ಮೇಲೂ ಬೆರಳು ನಿಲ್ಲದೆ ಓದಿದ. ಆಮೇಲೆ ಸೊಸೆ ಬಡಿಸಿದ ಅನ್ನ ಉಂಡ. ಕೇಳಲು ಬಂದವರ ಹಿಂದೆ, ಕಂಬದ ಮರೆಯಲ್ಲಿ ಬೂದೆಪ್ಪನೂ ಕೂತಿದ್ದ, ಬರಿದಲೆಯಲ್ಲಿ.

ಮಕ್ಕಳೇ, ನೆನಪಿಡಿ. ಕೊಳ್ಳುವಾಗ ಹಳಿದು ಮಾರುವಾಗ ಹೊಗಳುವವನಿಗೆ ಕೊನೆಗೆ ತಾನು ಎಲ್ಲಿ ನಿಂತಿದ್ದೇನೆಂಬುದೇ ಮರೆತುಹೋಗುತ್ತದೆ. ಒಂದು ವಸ್ತುವಿಗೆ ಎಲ್ಲ ಬಾಗಿಲಲ್ಲೂ ಒಂದೇ ಮಾತು ಆಡಿ. ಆಗ ತಲೆಯ ಮೇಲೆ ಏನಿದೆಯೆಂದು ಮುಟ್ಟಿ ನೋಡಿಕೊಳ್ಳುವ ಕಷ್ಟ ಇರುವುದಿಲ್ಲ.

ದೀಪದಲ್ಲಿ ಎಣ್ಣೆ ಇನ್ನೂ ಇದೆ. ಏಳಿ, ಕೈತೊಳೆದು ಉಣ್ಣಲು ಬನ್ನಿ.