ಜಿಗ್ಗಿಯ ಬಿಗಿ ಅಂಗಿ

ಒಂದು ಕಾಡಿನಲ್ಲಿ ಮರಗಳ ಕಾಲು ತೊಳೆಯಲು ಸಮುದ್ರವೇ ದಿನಕ್ಕೆರಡು ಸಲ ಬಂದು ಹೋಗುತ್ತಿತ್ತು. ಹೊಳೆ ಕಡಲನ್ನು ಸೇರುವ ಅಳಿವೆಯ ಪಕ್ಕದ ಕಾಂಡ್ಲಾ ಕಾಡು ಅದು. ಅಲ್ಲಿ ಹುಲಿಯೂ ಇತ್ತು. ಹೆದರಬೇಡಿ ಮಕ್ಕಳೇ, ಬೆರಳುದ್ದದ ಹುಲಿ! ಮೈಮೇಲೆ ಪಟ್ಟೆ ಇರುವುದಕ್ಕೆ ಹುಲಿಸಿಗಡಿ ಅಂತ ಹೆಸರು, ಅಷ್ಟೇ.

ಅಂಥ ಸಿಗಡಿಮರಿಗಳಲ್ಲಿ ಒಬ್ಬಳು ಜಿಗ್ಗಿ, ಇನ್ನೊಬ್ಬಳು ಅವಳ ಜೀವದ ಗೆಳತಿ ಚುಮ್ಮಿ. ಇಬ್ಬರೂ ಹುಟ್ಟಿದ್ದು ಕಡಲಿನಲ್ಲಿ. ಕಣ್ಣಿಗೆ ಕಾಣದಷ್ಟು ಚಿಕ್ಕವರಿದ್ದಾಗ ಉಕ್ಕಿಬರುವ ಭರತದ ನೀರು ಅವರನ್ನು ಹೊತ್ತು ತಂದು ಈ ಬೇರುಗಳ ನಡುವೆ ಬಿಟ್ಟಿತ್ತು. ತಿಂದು, ಕುಣಿದು, ದೊಡ್ಡವರಾಗಿ ಮತ್ತೆ ಕಡಲಿಗೆ ಹೋಗಬೇಕು ಅನ್ನೋದೇ ಇಬ್ಬರ ಆಸೆ. ಆದರೆ ಜತೆಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ದೊಡ್ಡವರಾಗೋದು ಹೇಗೆ ಅಂತ ಹೇಳಿಕೊಡೋರು ಯಾರು?

ಒಂದು ಬೆಳಗ್ಗೆ ಜಿಗ್ಗಿಗೆ ಊಟವೇ ಸೇರಲಿಲ್ಲ. ಮೈಯೆಲ್ಲ ಬಿಗಿ. ಚುಮ್ಮಿಗೂ ಹಾಗೇ. ಇಬ್ಬರೂ ಸಪ್ಪಗೆ ಕೂತಿದ್ದಾಗ ತೇಡೆ ಮೀನು ಮೀಸೆ ತೀಡುತ್ತಾ ಬಂತು. ಉದ್ದ ಮೀಸೆ ಇದ್ದದ್ದಕ್ಕೆ ಅದು ತನ್ನನ್ನು ತಾನೇ ಪಂಡಿತ ಅಂತ ಕರೆದುಕೊಂಡಿತ್ತು.

"ಏನ್ರೇ ಹುಡುಗೀರೇ, ಮುಖ ಬಾಡಿದೆ?"

"ಮೈ ಬಿಗಿ ಪಂಡಿತರೇ" ಎಂದಳು ಜಿಗ್ಗಿ.

"ಎಲ್ಲಿ, ನಾಲಿಗೆ ತೋರಿಸು."

"ನಂಗೆ ನಾಲಿಗೆ ಇಲ್ಲವಲ್ಲ!"

"ಆಂ... ಅದೇ ನೋಡು ಮೊದಲನೇ ಲಕ್ಷಣ!" ಎಂದಿತು ತೇಡೆ. "ಇದು ಬಿರುಕುರೋಗ. ಇವತ್ತು ನಿಮ್ಮ ಚಿಪ್ಪು ಬಿರಿಯುತ್ತೆ. ಮದ್ದು ಸಿಗದಿದ್ದರೆ ಕಥೆ ಮುಗೀತು! ಗಟ್ಟಿ ಮೈಗೆ ನನ್ನ ಮದ್ದು ಹತ್ತೋದಿಲ್ಲ. ಚಿಪ್ಪು ಸಡಿಲವಾದ ಕೂಡಲೇ ನನ್ನ ಪೊಟರೆಗೆ ಬನ್ನಿ. ಒಬ್ಬೊಬ್ಬರೇ ಬನ್ನಿ. ನನ್ನ ಬಾಗಿಲಲ್ಲಿ ಚಿಪ್ಪಿನ ರಾಶಿ ಕಂಡಿದ್ದೀರಲ್ಲ? ಗುಣವಾದವರು ಬಿಟ್ಟುಹೋದದ್ದು. ಅವರೆಲ್ಲ ಈಗ ಕಡಲಲ್ಲಿ ಆರಾಮಾಗಿದ್ದಾರೆ."

ಕಡಲು ಅಂದದ್ದೇ ತಡ, ಜಿಗ್ಗಿ ನಂಬಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಚುಮ್ಮಿಯ ಚಿಪ್ಪು ಸಡಿಲವಾಯಿತು. "ಹೋಗೇ, ನೀನೇ ಮೊದಲು ಹೋಗು. ನಿನ್ನ ಹಿಂದೆಯೇ ಬಂದೆ" ಅಂತ ಜಿಗ್ಗಿಯೇ ಅವಳನ್ನು ಕಳಿಸಿಕೊಟ್ಟಳು.

ಚುಮ್ಮಿ ಅತ್ತ ಹೋದಳೋ ಇಲ್ಲವೋ, ಇತ್ತ ಜಿಗ್ಗಿಯ ಕತ್ತಿನ ಹಿಂದೆ ಚಿಪ್ಪು ಟಕ್ಕೆಂದಿತು. ಅವಳು ಬೆಚ್ಚಿ ಬಾಲ ಬಡಿದಳು. ಸಿಗಡಿ ಬೆಚ್ಚಿದರೆ ಹಿಂದಕ್ಕೆ ತಾನೇ ಹಾರೋದು? ಹಿಂದಕ್ಕೆ ಹಾರಿ, ಮರಳಿನ ಮೇಲೆ ಬಿದ್ದು, ಕಣ್ಣೆತ್ತಿ ನೋಡುತ್ತಾಳೆ: ಎದುರಿಗೆ ಇನ್ನೊಬ್ಬ ಜಿಗ್ಗಿ! ಅದೇ ಪಟ್ಟೆ, ಅದೇ ಮೀಸೆ, ಅದೇ ಗರಗಸದಂಥ ಮೂಗು. ಆದರೆ ಉಸಿರಿಲ್ಲ.

"ಅಯ್ಯಯ್ಯೋ! ನಾನು ಸತ್ತೋದೆ!" ಅಂತ ಜಿಗ್ಗಿ ಬಾಯಿ ಬಡಿದುಕೊಂಡಳು. "ಎಷ್ಟು ಒಳ್ಳೆಯವಳಾಗಿದ್ದೆನಲ್ಲಪ್ಪಾ! ಇನ್ನೂ ಕಡಲೇ ನೋಡಿರಲಿಲ್ಲವಲ್ಲಪ್ಪಾ!"

ಪಕ್ಕದ ಬಿಲದಿಂದ ಮುದಿ ಏಡಿಯೊಂದು ಕಣ್ಣು ಹೊರಗೆ ಹಾಕಿತು. ಎಲ್ಲರೂ ಅದನ್ನು ಇಕ್ಕಳಜ್ಜ ಅನ್ನುತ್ತಿದ್ದರು.

"ಸತ್ತವಳು ಇಷ್ಟು ಜೋರಾಗಿ ಅಳ್ತಾಳೇನೇ? ನನ್ನ ನಿದ್ದೆಯೆಲ್ಲ ಹಾಳು!"

"ನನ್ನ ಹೆಣ ನೋಡಿ ಅಜ್ಜಾ!"

ಇಕ್ಕಳಜ್ಜನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. "ಹೆಣ ಅಲ್ಲವೇ ಪೆದ್ದಿ, ಹಳೆ ಅಂಗಿ! ನೀನು ಬೆಳೆದೆ, ಅದು ಬೆಳೀಲಿಲ್ಲ. ಅದಕ್ಕೇ ಬಿಗಿಯಾಯ್ತು. ಪುಟಾಣಿಯಾಗಿದ್ದಾಗಲೂ ಎಷ್ಟೋ ಸಲ ಕಳಚಿದ್ದೀಯ, ನಿಂಗೆ ನೆನಪಿಲ್ಲ. ನಾನೂ ಕಳಚುತ್ತೀನಿ. ಹೊಸದು ಗಟ್ಟಿಯಾಗೋ ತನಕ ಮರಳಲ್ಲಿ ಅಡಗಿರು. ನನಗೆ ಹೆದರಬೇಡ, ಈಗಷ್ಟೇ ಊಟ ಆಗಿದೆ."

ಜಿಗ್ಗಿ ಮೈ ನೋಡಿಕೊಂಡಳು. ಹೌದಲ್ಲ! ಉದ್ದ ಆಗಿದ್ದಾಳೆ, ದಪ್ಪ ಆಗಿದ್ದಾಳೆ! ಖುಷಿಯಿಂದ ಹಳೆ ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಾಲಿನ ಚೀಲಗಳ ಸಮೇತ ಎಲ್ಲ ನೆಟ್ಟಗೆ ಬಂದಿತ್ತು. ಆಗ ಅವಳಿಗೆ ಥಟ್ಟನೆ ಹೊಳೆಯಿತು. ಪಂಡಿತನ ಬಾಗಿಲಲ್ಲಿದ್ದ ಚಿಪ್ಪುಗಳು ಹೀಗಿರಲಿಲ್ಲ. ಅವೆಲ್ಲ ಚೂರುಚೂರಾಗಿದ್ದವು.

"ಅಜ್ಜಾ! ಅವು ಕಳಚಿದ ಚಿಪ್ಪಲ್ಲ, ಅಗಿದು ಉಗುಳಿದ ಚಿಪ್ಪು! ಚುಮ್ಮಿ ಅಲ್ಲಿಗೇ ಹೋಗಿದ್ದಾಳೆ. ನಾನೇ ಕಳಿಸಿದೆ!"

"ಮೆತ್ತಗಿನ ಮೈ ಹೊತ್ತು ಹೋದರೆ ನೀನೂ ಅವನಿಗೆ ತುತ್ತಾಗ್ತೀಯ" ಎಂದ ಇಕ್ಕಳಜ್ಜ. "ಹಿಂದೊಮ್ಮೆ ಸಿಗಡಿಯ ಗರಗಸ ಅವನ ಗಂಟಲಿಗೆ ಚುಚ್ಚಿತ್ತು. ಅವತ್ತಿನಿಂದ ಅವನಿಗೆ ಮೆತ್ತಗಿನವರೇ ಬೇಕು."

"ಗರಗಸ ತಾನೇ? ಇಲ್ಲೇ ಇದೆಯಲ್ಲ!" ಎಂದಳು ಜಿಗ್ಗಿ. ಹಳೆ ಅಂಗಿಯನ್ನು ತಬ್ಬಿಕೊಂಡು ಹೊರಟೇಬಿಟ್ಟಳು. ಇಕ್ಕಳಜ್ಜ ಗೊಣಗುತ್ತಾ ಅಡ್ಡಡ್ಡ ಓಡಿಬಂದ.

ಪೊಟರೆಯೊಳಗೆ ಚುಮ್ಮಿ ಆಗಷ್ಟೇ ಚಿಪ್ಪು ಕಳಚಿ ನಿಂತಿದ್ದಳು.

"ಮದ್ದು ಕಹಿ. ಕಣ್ಣು ಮುಚ್ಚಮ್ಮ" ಎನ್ನುತ್ತಿತ್ತು ತೇಡೆ.

"ನಂಗೆ ರೆಪ್ಪೆ ಇಲ್ಲವಲ್ಲ ಪಂಡಿತರೇ!"

"ಥತ್! ಹಾಗಾದರೆ ಆ ಕಡೆ ತಿರುಗು!"

ಅಷ್ಟರಲ್ಲಿ ಬಾಗಿಲಿಂದ ಕೂಗು ಬಂತು. "ಪಂಡಿತರೇ, ಮೊದಲು ನನ್ನ ನೋಡಿ! ನಾನು ಅವಳಿಗಿಂತ ದಪ್ಪ, ನನ್ನ ರೋಗವೂ ದಪ್ಪ!"

ತೇಡೆ ತಿರುಗಿತು. ಕೆಸರು ನೀರಿನಲ್ಲಿ ಪಟ್ಟೆ ಪಟ್ಟೆಯ ಸಿಗಡಿ ಕಂಡಿತು. ಬಾಯಲ್ಲಿ ನೀರೂರಿ, ಹಿಂದೆ ಮುಂದೆ ನೋಡದೆ ಗಬಕ್ಕನೆ ಕಚ್ಚಿತು. ಒಳಗೆ ಏನಿತ್ತು? ಮಣ್ಣು! ಜಿಗ್ಗಿ ತನ್ನ ಹಳೆ ಅಂಗಿಗೆ ತುಂಬಿಟ್ಟಿದ್ದ ಮಣ್ಣು! ಗರಗಸದ ಮೂಗು ಅಂಗುಳಿಗೆ ನೆಟ್ಟುಕೊಂಡಿತು. ಬಾಯಿ ಮುಚ್ಚಲಾಗದೆ ತೇಡೆ "ಆ... ಆ..." ಎಂದು ಒದ್ದಾಡಿತು.

ಜಿಗ್ಗಿ ಬೇರಿನ ಮರೆಯಿಂದ ಇಣುಕಿದಳು. "ಎಲ್ಲಿ ಪಂಡಿತರೇ, ನಾಲಿಗೆ ತೋರಿಸಿ!"

ತೋರಿಸದೆ ಬೇರೆ ದಾರಿ ಎಲ್ಲಿತ್ತು ಪಾಪ! ಅಷ್ಟರಲ್ಲಿ ಇಕ್ಕಳಜ್ಜ ಬಂದು ಕಟಕ್ ಕಟಕ್ಕೆಂದು ಮೀಸೆಗಳನ್ನೆಲ್ಲ ಕತ್ತರಿಸಿ ಕೈಬಿಟ್ಟ. ಚುಮ್ಮಿ ಒಂದೇ ನೆಗೆತಕ್ಕೆ ಹಿಂದಕ್ಕೆ ಹಾರಿ ಜಿಗ್ಗಿಯ ಮೈಮೇಲೆ ಬಿದ್ದಳು. ಇಬ್ಬರೂ ಮೆತ್ತಗಿದ್ದರು, ನೋವಾಗಲಿಲ್ಲ! ಬೇರುಬೇರಿನ ಸಂದಿಯಿಂದ ಕಾಡಿನ ಮರಿಗಳೆಲ್ಲ ಹೊರಬಂದು ಹೋ ಎಂದು ನಕ್ಕವು. ಬೋಳು ಮೋರೆಯ ತೇಡೆ ಇಳಿತದ ನೀರಿನಲ್ಲಿ ಓಟ ಕಿತ್ತಿತು.

ಅಂದಿನಿಂದ ಯಾವ ಮರಿ "ಮೈ ಬಿಗಿ" ಅಂದರೂ ಎಲ್ಲರೂ "ಹೊಸ ಅಂಗಿ! ಹೊಸ ಅಂಗಿ!" ಅಂತ ಕುಣಿಯುತ್ತಿದ್ದರು. ಅಂಗಿ ಗಟ್ಟಿಯಾಗುವ ತನಕ ಸುತ್ತ ನಿಂತು ಕಾಯುತ್ತಿದ್ದರು.

ಕೊನೆಗೆ ಜಿಗ್ಗಿಯೂ ಚುಮ್ಮಿಯೂ ದೊಡ್ಡವರಾಗಿ ಕಡಲಿಗೆ ಹೊರಟರು. ಅಳಿವೆಯ ಬಾಯಲ್ಲಿ ಒಂದು ಬೋಳು ಮೋರೆ ಎದುರಾಯಿತು.

"ಏನಮ್ಮಾ, ಮೈ ಬಿಗಿ ಏನಾದರೂ ಇದೆಯಾ?" ಅಂತ ಅದು ಮೆಲ್ಲಗೆ ಕೇಳಿತು.

"ಇದೆ ಪಂಡಿತರೇ, ಬಹಳ ಇದೆ!" ಎಂದಳು ಜಿಗ್ಗಿ, ಗರಗಸದ ಮೂಗು ಮುಂದೆ ಮಾಡಿ. "ಇನ್ನೂ ದೊಡ್ಡವಳಾಗ್ತಾ ಇದ್ದೀನಿ!"

ತೇಡೆ ತೆಪ್ಪಗೆ ದಾರಿ ಬಿಟ್ಟಿತು.

ನೀತಿ: ಬೆಳೆಯುವ ನೋವನ್ನು ರೋಗವೆಂದು ಹೆದರಿಸಿ ಮದ್ದು ಕೊಡಲು ಬರುವವರನ್ನು ನಂಬಬಾರದು, ಬೇರೆಯವರ ಭಯವನ್ನೇ ತಿಂದು ಬದುಕುವವರು ಒಂದು ದಿನ ತಮ್ಮ ದುರಾಸೆಗೇ ಸಿಕ್ಕಿಬೀಳುತ್ತಾರೆ.